ಬೀಸುವ ಕಲ್ಲಿನ ರಾಗ

ಅರಸೀಕೆರೆ
ಸೋಮವಾರ, 6-12-1965

ಪ್ರೀತಿಯ ಯಜಮಾನರಿಗೆ, ನಿಮ್ಮ ಲೂರ್ದಮ್ಮ ಯೇಸುಸ್ವಾಮಿಯನ್ನು ನೆನೆದು, ಕೈಮುಗಿದು ಬರೆಯುವುದು.

ಗಂಡಸಿ ರಸ್ತೆಯಲ್ಲಿ ಸೈಕಲ್ಲಿನಿಂದ ಬಿದ್ದು ಮುರಿದುಕೊಂಡ ಕಾಲು ಈಗ ಹೇಗಿದೆ? ಪ್ಲಾಸ್ಟರ್ ಬಿಚ್ಚಿದರೇ? ಆಸ್ಪತ್ರೆಯ ಅನ್ನ ಸಪ್ಪೆ ಎಂದು ತಟ್ಟೆ ತಳ್ಳಬೇಡಿ, ನನ್ನಾಣೆ. ನಾನೂ ಮಗಳು ರೀತಾಳೂ ಚೆನ್ನಾಗಿದ್ದೇವೆ. ಚೆನ್ನಾಗಿದ್ದೇವೆ ಎಂದೇನೋ ಬರೆದೆ, ನಿನ್ನೆಯಿಂದ ನನ್ನ ತಟ್ಟೆಯ ಅನ್ನವೂ ಹಾಗೇ ಉಳಿಯುತ್ತಿದೆ.

ಶನಿವಾರ ನೀವು ಬಂದಿಳಿಯುವ ಮೊದಲೇ ವಿಷಯ ತಿಳಿದಿರಲಿ. ಪೂಜೆ ಈಗ ಕನ್ನಡದಲ್ಲಿ ಎಂದು ಹಿಂದೆಯೇ ಬರೆದಿದ್ದೆನಲ್ಲ. ನೀವು ಇಪ್ಪತ್ತೆರಡು ವರ್ಷ ಹಾಡಿನ ಮೇಷ್ಟ್ರಾಗಿ ನಮಗೆಲ್ಲ ಹಾಡಿಸಿದ ಲ್ಯಾಟಿನ್ ರಾಗಕ್ಕೆ ಕನ್ನಡದ ಮಾತು ಕೂರಲೇ ಇಲ್ಲ. ‘ದಯೆ ತೋರು’ ಎನ್ನುವಷ್ಟರಲ್ಲಿ ಎಲ್ಲರಿಗೂ ಉಸಿರು ಮುಗಿಯುತ್ತಿತ್ತು. ಹೀಗಿರುವಾಗ, ದೇವಾಲಯದ ಕಸ ಹೊಡೆಯುತ್ತಿದ್ದ ಯಾವಳೋ ಹೆಂಗಸು ಗುನುಗಿದ್ದು ಹೊಸ ಪಾದ್ರಿ ಸ್ವಾಮಿಗಳ ಕಿವಿಗೆ ಬಿತ್ತು. ಅದಕ್ಕೇ ಮಾತು ಹೊಂದಿಸಿ ನಿನ್ನೆ ಪೂಜೆಯಲ್ಲಿ ಹಾಡಿಸಿದರು. ರಾಗಿ ಬೀಸುವಾಗ ಹೇಳುವ ರಾಗ ಕಣ್ರೀ!

ಎರಡನೇ ಸಾಲಿಗೆಲ್ಲ, ಮುಂದೆ ಮೊಣಕಾಲೂರಿದ್ದ ಆರೋಗ್ಯಮ್ಮಜ್ಜಿಯ ಬಲಗೈ ನೆಲದ ಮೇಲೆ ತಾನಾಗಿಯೇ ಸುತ್ತತೊಡಗಿತು, ಬೀಸುವ ಕಲ್ಲಿನ ಗೂಟ ಹಿಡಿದ ಹಾಗೆ. ಹಿಂದಿನ ಹೆಂಗಸರೂ ತೂಗಾಡಿದರು. ಪೂಜೆಯಲ್ಲಿ ಯಾರಾದರೂ ಕತ್ತು ತಿರುಗಿಸಿದರೂ ಕಣ್ಣು ಕೆಂಪಗೆ ಮಾಡುವವರು ನೀವು, ನೆನೆದು ನನಗೆ ಬೆವರಿಳಿಯಿತು. ಸ್ವಾಮಿಗಳು ಪರಮಪ್ರಸಾದದ ರೊಟ್ಟಿ ಎತ್ತಿ ಹಿಡಿದಾಗ ಮಾತ್ರ ಒಂದು ಕೂಸೂ ಮಿಸುಕಲಿಲ್ಲ.

ಹೊರಗೆ ಬಂದದ್ದೇ ತಡ, ನಮ್ಮ ಸಭೆಯ ಹಿರಿಯರು ಇನ್ನಾಸಪ್ಪನವರು ಸ್ವಾಮಿಗಳನ್ನು ಅಡ್ಡಗಟ್ಟಿ, ‘ಇದೇನ್ ದೇವ್ರ ಮನೆನೋ ರಾಗಿ ಬೀಸೋ ಮನೆನೋ? ಯಾರವ್ಳು, ಹೆಸ್ರು ಹೇಳಿ’ ಎಂದು ಕೂಗಾಡಿದರು. ಸ್ವಾಮಿಗಳು ಹೆಸರು ಬಾಯಿಬಿಡಲಿಲ್ಲ. ಆರೋಗ್ಯಮ್ಮಜ್ಜಿ ಅಳುತ್ತಾ, ‘ನಂಗೆ ಎಪ್ಪತ್ತು ವರ್ಸ ಆಯ್ತು. ದೇವ್ರ ಹತ್ರ ಏನ್ ಕೇಳ್ತಿದೀನಿ ಅಂತ ಇವತ್ತೇ ಗೊತ್ತಾಗಿದ್ದು ಕಣಪ್ಪಾ’ ಎಂದಳು. ಅವಳ ಮಾತು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಗೆ ತೀರ್ಮಾನ ನಿಮ್ಮ ತಲೆಗೇ ಬಂತು. ಬರುವ ಭಾನುವಾರ ಇನ್ನೊಂದು ಸಲ ಹಾಡುತ್ತಾರೆ. ನೀವು ಕೇಳಿ ಸರಿ ಎಂದರೆ ಕ್ರಿಸ್ಮಸ್ಸಿಗೂ ಅದೇ, ಬೇಡ ಎಂದರೆ ಅಲ್ಲಿಗೆ ನಿಂತಿತು. ‘ಮೇಷ್ಟ್ರು ಬರ್ಲಿ, ಆ ಹೆಂಗಸ್ಗೆ ಬುದ್ಧಿ ಹೇಳ್ತಾರೆ’ ಎಂದು ಇನ್ನಾಸಪ್ಪನವರು ನನ್ನೆದುರಿಗೇ ಹೇಳಿ ಹೋದರು. ನಾನು ಸೆರಗು ಸರಿಮಾಡಿಕೊಂಡು ಮನೆಗೆ ಬಂದೆ.

ಮಾತೆ ಮರಿಯಮ್ಮ ನಿಮ್ಮ ಕಾಲನ್ನು ಕಾಯಲಿ. ಬಸ್ಸಿನಿಂದ ಹುಷಾರಾಗಿ ಇಳಿಯಿರಿ. ರೀತಾ ಅಪ್ಪನಿಗೆ ಮುತ್ತು ಕಳಿಸಿದ್ದಾಳೆ.

ನಿಮ್ಮ ದಾರಿ ಕಾಯುತ್ತಿರುವ,
ಲೂರ್ದಮ್ಮ

ಇನ್ನೊಂದು ಮಾತು. ಪೋಸ್ಟ್ ತೆಗೆಯುವ ಹೊತ್ತಾಯಿತು, ಬೇಗ ಬರೆದುಬಿಡುತ್ತೇನೆ. ಆ ಹೆಂಗಸು ನಾನೇ. ‘ಬಾಯ್ಮುಚ್ಚೇ, ಜಪದ ಹೊತ್ತು’ ಎಂದು ನೀವು ಗದರುತ್ತಿದ್ದಿರಲ್ಲ, ಅದೇ ರಾಗ. ಟೈಫಾಯ್ಡಿನಲ್ಲಿ ನೀವು ಉಳಿಯುವುದಿಲ್ಲವೆಂದು ಹಳೆಯ ಸ್ವಾಮಿಗಳು ಕಡೆಯ ಎಣ್ಣೆ ಹಚ್ಚಿ ಹೋದ ದಿನ, ನೀವು ಲ್ಯಾಟಿನ್ ಕೇಳಲಿಲ್ಲ. ‘ಅದನ್ನೇ ಹೇಳೇ’ ಎಂದಿರಿ. ಭಾನುವಾರ ಬೇಡ ಎನ್ನುವುದಾದರೆ ಎನ್ನಿ. ನನ್ನ ಮುಖ ನೋಡಿಕೊಂಡು ಹೇಳಿ, ಅಷ್ಟೇ.