ಆಂಪ್ ಯಾಕೆ ಝರ್ ಅನ್ನುತ್ತೆ

ಸಿದ್ದು,

ಗಿಟಾರ್ ಆಂಪ್ ಹೊತ್ಕೊಂಡು ಯಶವಂತಪುರಕ್ಕೆ ರಿಪೇರಿಗೆ ಹೋಗ್ಬೇಡ ಕಣೋ. ಒಳಗೆ ಬಲ್ಬ್ ಥರ ಕಾಯೋ ಆ ವಾಲ್ವ್‌ಗಳನ್ನೂ ಬದಲಾಯಿಸ್ಬೇಡ, ಏನೂ ಕೆಟ್ಟಿಲ್ಲ.

ಸಂಜೆ ನುಡಿಸುವಾಗ ಝರ್ ಅನ್ನುತ್ತೆ, ಬೆಳಿಗ್ಗೆ ಬಿಚ್ಚಿ ನೋಡಿದ್ರೆ ಸುಮ್ನಿರುತ್ತೆ ಅಂತ ತಲೆ ಕೆಡಿಸ್ಕೊಂಡಿದ್ಯಲ್ಲ, ಅದು ನನ್ನ ದೋಸೆ ಹಿಟ್ಟಿನ ಪಾತ್ರೆ. ಈ ಚಳೀಲಿ ಹಿಟ್ಟು ಉಬ್ಬಲ್ಲ ಅಂತ ನೀನು ನುಡಿಸುವಾಗ ಬೆಚ್ಚಗಾಗುತ್ತಲ್ಲ, ಆ ಆಂಪ್ ಹಿಂದೆ ಇಡ್ತಿದ್ದೆ, ನೀನು ಏಳೋ ಮೊದ್ಲೇ ತೆಗೀತಿದ್ದೆ. ನಿನ್ನೆ ಪೊರಕೆ ಹುಡುಕೋ ನೆಪದಲ್ಲಿ ಬಗ್ಗಿ ಪಾತ್ರೆ ಮೇಲಿನ ತಟ್ಟೆ ಒತ್ತಿ ಹಿಡಿದೆ. ಸದ್ದು ನಿಂತ್ಹೋಯ್ತು. ನೀನು ತಿರುಗಿ ನೋಡಿದೆ, ನಾನು ಪೊರಕೆ ಇಲ್ಲಿಲ್ಲ ಅಂತ ಅಡುಗೆಮನೆಗೆ ಹೋದೆ.

ಬಾಗಲೂರಿಗೆ ಹೋಗಿ ನಾಳೆ ಬೆಳಿಗ್ಗೆ ಬರ್ತೀನಿ. ಹಿಟ್ಟು ಇವತ್ತೂ ಅಲ್ಲೇ ಇದೆ, ತಟ್ಟೆ ಬದಲು ಬಟ್ಟೆ ಕಟ್ಟಿದೀನಿ. ದಿನಾ ನಿಲ್ಸೋ ನಿಲ್ಸೋ ಅಂತ ಬೈತಿದ್ದೆ, ನಿಜ. ಇವತ್ತು ಸಂಜೆ ಮಾತ್ರ ತಪ್ಪದೆ ಒಂದು ಗಂಟೆ ನುಡಿಸು, ಇಲ್ಲಾಂದ್ರೆ ಹಿಟ್ಟು ಉಬ್ಬಲ್ಲ.

ಅಮ್ಮ