ಬೋಟಿನ ಹಿಂದೆ ಕೂತವಳು

ಯಪ್ಪಾ,

ನಿನ್ನೆಯಿಂದ ನನ್ನ ಕೈ ಒಂದು ಕಡೆ ನಿಲ್ಲುತ್ತಿಲ್ಲ. ನಟ್ಟು ಬಿಚ್ಚುವ ಪಾನಾ ಹಿಡಿಯುತ್ತೇನೆ, ಕೆಳಗಿಡುತ್ತೇನೆ. ದೇವದುರ್ಗದ ನಮ್ಮ ಪಂಪ್‌ಸೆಟ್ ರಿಪೇರಿ ಅಂಗಡಿಯ ಬಾಗಿಲು ತೆರೆದೆ, ಮತ್ತೆ ಹಾಕಿದೆ, ಈಗ ನಿನ್ನ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ನೀನು ಇದ್ದಾಗಲೇ ಹೇಳಬೇಕಿದ್ದ ಒಂದು ಮಾತು... ಇರಲಿ, ಮೊದಲಿಂದ ಹೇಳುತ್ತೇನೆ.

ರಾಯಚೂರಿನ ರೈಸ್ ಮಿಲ್ ಸಾವ್ಕಾರರು ಯಾರದೋ ಹಳೆಯ ಮೋಟಾರ್ ಬೋಟು ಕೊಂಡು ದೇವಸುಗೂರಿನ ಹೊಳೆ ದಂಡೆಗೆ ತಂದಿಳಿಸಿದ ದಿನ ನೆನಪಿದೆಯೇ? ಭಾನುವಾರ ಮನೆಯವರೊಂದಿಗೆ ತಿರುಗಾಡಲು ಅವರಿಗೆ ಅದು ಬೇಕಿತ್ತು. ಆದರೆ ಬೋಟಿನ ಮೆಕ್ಯಾನಿಕ್ ನಮ್ಮ ಕಡೆ ಎಲ್ಲಿ ಸಿಗಬೇಕು? ನಿನ್ನನ್ನು ಕರೆಸಿದರು. ನೀನು ಎಂಜಿನ್ನಿನ ಸುತ್ತ ಎರಡು ಸುತ್ತು ಬಂದು, ಇದೂ ನೀರು ಎಳೆಯುವ ಪಂಪೇ ಎಂದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ನಿನ್ನ ಜೊತೆ ನಟ್ಟು ಬೋಲ್ಟು ತೊಳೆಯುತ್ತಿದ್ದ ನನ್ನನ್ನೂ ಗಬ್ಬೂರಿನ ಮೇಲೆ ಹೋಗುವ ಬಸ್ಸು ಹತ್ತಿಸಿದೆ.

ಹೊಳೆಯಿಂದ ಬಂದಾಗಲೆಲ್ಲ ನೀನು ಕೊಯ್ದ ಡ್ರಮ್ಮಿನಲ್ಲಿ ಒಳ್ಳೆಯ ನೀರು ತುಂಬಿಸಿ, ಎಂಜಿನ್ನಿನ ನೀರಿಗಿಳಿಯುವ ಕಾಲನ್ನು ಅದರೊಳಗೆ ಇಳಿಸಿ ಓಡಿಸುತ್ತಿದ್ದೆ, ಒಳಗಿನ ಕೆಸರು ಹೋಗಲಿ ಎಂದು. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದರೆ ನೀರು ಹೊಕ್ಕಿದೆ ಎಂದು ನನ್ನ ಬೆರಳಿಗೆ ಹಚ್ಚಿ ತೋರಿಸಿದೆ. ಬೇಸಿಗೆಯಲ್ಲಿ ಬೋಟು ನಿಂತರೆ ಕಾರ್ಬೊರೇಟರಿನ ಪೆಟ್ರೋಲು ಖಾಲಿ ಮಾಡಿಸುತ್ತಿದ್ದೆ, ಇಲ್ಲವಾದರೆ ಅಂಟು ಕಟ್ಟುತ್ತದೆ. ನೀರು ಎಳೆಯುವ ರಬ್ಬರ್ ಚಕ್ರದ ರೆಕ್ಕೆಯನ್ನು ಬೆರಳಿನಿಂದ ಬಗ್ಗಿಸಿ ಬಿಡುತ್ತಿದ್ದೆ. ತಟ್ಟನೆ ಎದ್ದು ನಿಂತರೆ ಅದಿನ್ನೂ ಗಟ್ಟಿ. ಎಲ್ಲಕ್ಕಿಂತ ಹೆಚ್ಚಾಗಿ, ಎಂಜಿನ್ನನ್ನು ತಂಪು ಮಾಡಿದ ನೀರು ಹಿಂದಿನ ಸಣ್ಣ ತೂತಿನಿಂದ ಚಿಮ್ಮುತ್ತದಲ್ಲ, ಅದರ ಮೇಲೆ ಕಣ್ಣಿರಬೇಕು. ಬಿಸಿಯಾದರೆ ಕೂಗುವ ಪೀಪಿ ಆ ಎಂಜಿನ್ನಿನಲ್ಲಿ ಎಂದೋ ಕೆಟ್ಟಿತ್ತು. ಹಾಗಾಗಿ ನೀನು ಮುಂದೆ ಸ್ಟೀರಿಂಗ್ ಹಿಡಿದರೆ, ಹಿಂದೆ ಕೂತು ಆ ನೀರನ್ನು ಕಾಯುವುದು ನನ್ನ ಕೆಲಸ.

"ಉಚ್ಚಿ ನಿಂತ್ರ ಅಲ್ಲಿಂದನ ಒದರು," ಎಂದಿದ್ದೆ. "ನಾಚ್ಕೊಂಡು ಕುಂದ್ರಬ್ಯಾಡ."

ಚಿಮ್ಮುವ ಆ ನೀರಿಗೆ ಬೇರೆ ಹೆಸರನ್ನು ನೀನು ಹೇಳಿಕೊಡಲೇ ಇಲ್ಲ.

ಮಾನವಿಯ ಬೀಗರು ಬಂದ ಆ ಭಾನುವಾರ... ಸಾವ್ಕಾರರ ಮಗಳಿಗೆ ಆಗಷ್ಟೇ ಸಂಬಂಧ ಕೂಡಿತ್ತು. ಬೋಟಿನ ತುಂಬ ಇಸ್ತ್ರಿಯ ಬಿಳಿ ಬಟ್ಟೆ, ರೇಷ್ಮೆ ಸೀರೆ. ನಡುಹೊಳೆಯಲ್ಲಿ ಆ ನೀರಿನ ಎಳೆ ಸಣ್ಣಗಾಯಿತು, ಹನಿಯಾಯಿತು, ನಿಂತಿತು. ನಾನು ನೋಡಿದೆ, ಯಪ್ಪಾ. ಬಾಯಿ ತೆರೆದೆ. ನನ್ನ ಪಕ್ಕದಲ್ಲೇ ಮದುಮಗನ ತಾಯಿ. ಆ ಮಾತನ್ನು ಹೇಗೆ ಒದರಲಿ? ನೀರು ನಿಂತಿದೆ ಎನ್ನಬಹುದಿತ್ತು. ಅದು ಈಗ ಹೊಳೆಯುತ್ತದೆ. ಅವತ್ತು ನಾಲಿಗೆಯ ಮೇಲೆ ಆ ಒಂದೇ ಮಾತು ಕೂತಿತ್ತು. ಈಗ ಹೇಳುತ್ತೇನೆ, ಇನ್ನೊಂದು ಕ್ಷಣ ಎಂದುಕೊಳ್ಳುವಷ್ಟರಲ್ಲಿ ಸುಟ್ಟ ವಾಸನೆ ಬಂತು, ಎಂಜಿನ್ ಕಚ್ಚಿಕೊಂಡು ನಿಂತುಬಿಟ್ಟಿತು.

ತೆಪ್ಪದವರು ಹಗ್ಗ ಕಟ್ಟಿ ನಮ್ಮನ್ನು ಎಳೆದು ತಂದರು, ದಾರಿಯುದ್ದಕ್ಕೂ ನಗುತ್ತ. ದಂಡೆಯಲ್ಲಿ ನೀನು ಎಂಜಿನ್ ಮೇಲೆತ್ತಿ, ಯಾರಿಗೂ ಕೇಳಿಸದ ಹಾಗೆ ನನ್ನನ್ನು ಕೇಳಿದೆ.

"ಹಿಂದ ನೀ ಕುಂತಿದ್ದಿ. ಬರಾಕತ್ತಿತ್ತೇನವಾ?"

"ಬರಾಕತ್ತಿತ್ತು," ಎಂದೆ ನಾನು.

ಅದನ್ನು ನಂಬಿ ನೀನು ಸಾವ್ಕಾರರ ಮುಂದೆ ಹೋಗಿ, ಬಂದ ನೀರು ಸಾಲಲಿಲ್ಲ, ಬೇಸಿಗೆಯಲ್ಲೇ ರಬ್ಬರ್ ಚಕ್ರ ಬದಲಿಸಬೇಕಿತ್ತು, ತಪ್ಪು ನನ್ನದೇ ಎಂದೆ. ರಾಯಚೂರಿನಲ್ಲಿ ಹೊಸ ಪಿಸ್ಟನ್ ಹಾಕಿಸಿ ಎಂಜಿನ್ ಎಬ್ಬಿಸಿದೆ. ಆದರೆ ಚಕ್ರ ಬಿಚ್ಚಿ ನೋಡಿದರೆ ಒಂದು ರೆಕ್ಕೆಯೂ ಮುರಿದಿಲ್ಲ. ನೀರಿನ ದಾರಿಯಲ್ಲಿ ಕಸವಿಲ್ಲ. ನೀರು ಬರುತ್ತಿತ್ತು ಎಂದು ಮಗಳೇ ಹೇಳುತ್ತಾಳೆ. ಮತ್ತೆ ಎಂಜಿನ್ ಕಾದದ್ದು ಹೇಗೆ? ಆ ಚಕ್ರವನ್ನು ನೀನು ಮನೆಗೆ ತಂದು ಕಿಟಕಿಯಲ್ಲಿಟ್ಟೆ. ಉಣ್ಣಲು ಕೂತಾಗಲೂ ಅದನ್ನು ಎತ್ತಿಕೊಂಡು ಬಗ್ಗಿಸಿ ಬಿಡುತ್ತಿದ್ದೆ. "ತಪ್ಪು ಎಲ್ಲಿ ಅದ ತಿಳೀವಲ್ದು," ಎನ್ನುತ್ತಿದ್ದೆ. ಕೊನೆಯ ಜ್ವರದಲ್ಲೂ ಅದನ್ನು ಕೈಗೆ ಕೊಡು ಎಂದೆಯಲ್ಲ, ಆಗಲಾದರೂ ನಾನು... ಕೊಟ್ಟೆ, ಅಷ್ಟೆ.

ನಿನ್ನೆ ಮತ್ತೆ ಭಾನುವಾರ. ಈಗ ಸ್ಟೀರಿಂಗ್ ಹಿಡಿಯುವವನು ಸಾವ್ಕಾರರ ಕಾರಿನ ಡ್ರೈವರ್. ಎಂಜಿನ್ ಉಸ್ತುವಾರಿ ನನ್ನದು, ಜಾಗ ಅದೇ ಹಿಂದಿನದು. ಅದೇ ಮಾನವಿಯ ಬೀಗರು ಬಂದಿದ್ದರು, ಜೊತೆಗೆ ಸಾವ್ಕಾರರ ವಯಸ್ಸಾದ ತಾಯಿ. ನಡುಹೊಳೆಯಲ್ಲಿ ನೀರಿನ ಎಳೆ ಸಣ್ಣಗಾಯಿತು. ನಿಂತಿತು.

"ಉಚ್ಚಿ ನಿಂತದ, ಎಂಜಿನ್ ಬಂದ್ ಮಾಡ್ರಿ," ಎಂದು ಒದರಿದೆ. ದಂಡೆಗೂ ಕೇಳಿಸಿರಬೇಕು.

ಡ್ರೈವರ್ ಗಾಬರಿಯಿಂದ ಚಾವಿ ತಿರುಗಿಸಿದ. ಆಮೇಲೆ ಸಾವ್ಕಾರರ ತಾಯಿ ನನ್ನ ಕಡೆ ಬಾಗಿ, "ಯಾರದವಾ?" ಎಂದರು.

"ಎಂಜಿನ್ನಿಂದ್ರೀ."

ಸೆರಗನ್ನು ಬಾಯಿಗೆ ಒತ್ತಿಕೊಂಡು ಮೊದಲು ನಕ್ಕವರು ಯಾರು ಗೊತ್ತೇ? ಅವತ್ತು ನನ್ನ ಪಕ್ಕ ಕೂತಿದ್ದ ಅದೇ ಮದುಮಗನ ತಾಯಿ. ಇಷ್ಟೇ ಆಗಿತ್ತೇ, ಯಪ್ಪಾ? ಇಷ್ಟಕ್ಕೇ ನಾನು...

ಎಂಜಿನ್ ಮೇಲೆತ್ತಿದೆ. ನೀರು ಎಳೆದುಕೊಳ್ಳುವ ಜಾಲರಿಗೆ ಹರಿದ ಪ್ಲಾಸ್ಟಿಕ್ ಚೀಲದ ತುಂಡು ಅಂಟಿತ್ತು. ನಾನು ಕೈ ಹಾಕುವ ಮೊದಲೇ ತಾನಾಗಿ ಕಳಚಿ, ತೇಲಿಕೊಂಡು ಹೋಯಿತು. ಎಂಜಿನ್ ನಿಂತರೆ ಎಳೆತ ನಿಲ್ಲುತ್ತದೆ, ಅಂಟಿದ್ದು ಬಿಟ್ಟುಬಿಡುತ್ತದೆ. ಅವತ್ತೂ ಹೀಗೇ ಹೋಗಿರಬೇಕಲ್ಲವೇ, ನೀನು ದಂಡೆಯಲ್ಲಿ ನೋಡುವಷ್ಟರಲ್ಲಿ? ಮತ್ತೆ ಸ್ಟಾರ್ಟ್ ಮಾಡಿದಾಗ ನೀರು ಚೆನ್ನಾಗಿ ಚಿಮ್ಮಿತು.

ದಂಡೆಗೆ ಬಂದ ಮೇಲೆ ಸಾವ್ಕಾರರಿಗೆ ಎಲ್ಲವನ್ನೂ ಹೇಳಿದೆ. ನೀರು ನಿಂತದ್ದನ್ನು ನೋಡಿಯೂ ಸುಮ್ಮನಿದ್ದೆ, ಅಪ್ಪನಿಗೆ ಸುಳ್ಳು ಹೇಳಿದೆ ಎಂದೆ.

"ನಂದ ತಪ್ಪು ಅಂದಿದ್ದ ನಿಮ್ಮಪ್ಪ," ಎಂದರು ಅವರು. "ನಾನೂ ಮಂದಿಗೆಲ್ಲ ಹಂಗ ಹೇಳಿಕೋತ ಬಂದೀನಿ."

ಆ ಮಂದಿಗೆಲ್ಲ ಇನ್ನು ನಾನೇ ಹೇಳುತ್ತೇನೆ, ಯಪ್ಪಾ. ಸಿಕ್ಕ ಸಿಕ್ಕಲ್ಲಿ ಹೇಳುತ್ತೇನೆ.

ನಿನ್ನ ಚಕ್ರ ಈಗ ನನ್ನ ಮುಂದಿದೆ. ಬೆರಳಿನಿಂದ ಬಗ್ಗಿಸಿ ಬಿಟ್ಟೆ. ತಟ್ಟನೆ ಎದ್ದು ನಿಂತಿತು. ಅವತ್ತು ನೀರು ಬರುತ್ತಿರಲಿಲ್ಲ. ಇನ್ನು ಹುಡುಕಬೇಡ.

ನಿನ್ನ
ಹುಲಿಗೆಮ್ಮ