ಆ ಲೈಟು ಹತ್ತಿಸಿದವಳು ನಾನೇ

ನನ್ನ ಮನೆಯವರೇ,

ಸಾಹುಕಾರರ ಮಗ ಆ ಎರಡು ಸೀಟಿನ ವಿಲಾಯಿತಿ ಕಾರನ್ನು ಅಣ್ಣಿಗೇರಿಯ ನಮ್ಮ ಅಂಗಡಿಗೆ ತಂದ ದಿನ ನಿಮಗೆ ನೆನಪಿದೆಯೇ? ಯಾವ ಕಾಲದಲ್ಲೋ ಬಿಳಿಯ ಇಂಜಿನಿಯರನೊಬ್ಬ ಬಿಟ್ಟುಹೋದ ಗಾಡಿ. ಹುಬ್ಬಳ್ಳಿಯಲ್ಲಿ ಇಂಜಿನ್ ಸರಿಮಾಡಿಸಿ, ಮೀಟರು, ಲೈಟುಗಳ ಕೆಲಸಕ್ಕೆ ನಿಮ್ಮನ್ನು ಹುಡುಕಿಕೊಂಡು ಬಂದಿದ್ದ. ವಾಯರುಗಳನ್ನು ಇಲಿಗಳು ಕಡಿದಿದ್ದವು, ಮೀಟರಿನ ಅಂಕಿಗಳು ಮಾಸಿಹೋಗಿದ್ದವು. ಒಂದೊಂದನ್ನೇ ಬಿಚ್ಚಿ ತೊಳೆದು, ನನ್ನನ್ನು ಕರೆದಿರಿ. "ಕಸೂತಿ ಹಾಕೋ ಕೈ ನಿಂದು, ನಡಗಂಗಿಲ್ಲ. ನೀನ ಬರಿ." ಉಸಿರು ಬಿಗಿಹಿಡಿದು ಸ್ಪೀಡೋಮೀಟರಿನ ಬಿಳಿ ಅಂಕಿಗಳನ್ನು ಬರೆದೆ. ಸತ್ತು ಬಿದ್ದಿದ್ದ ಮುಳ್ಳು ಎದ್ದು ಓಡಿದಾಗ ನಾವಿಬ್ಬರೂ ಎಷ್ಟು ನಕ್ಕಿದ್ದೆವು...

ಆ ಸಂಜೆ ಅವನು ಬಂದು ಕೀಲಿ ಕಸಿದುಕೊಂಡದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. "ಲೈಟಿನ ವಾಯರ್ ಇನ್ನೂ ಜೋಡಿಸಿಲ್ರಿ ಧಣಿ, ಹೊತ್ತು ಮುಳಗೂದ್ರಾಗ ಬಂದುಬಿಡ್ರಿ" ಎಂದು ಹಿಂದೆ ಓಡಿದಿರಿ. "ಮುಳ್ಳು ಎಲ್ಲಿಮಟ ಹೋಗ್ತೈತಿ ನೋಡ್ತೀನಲೇ" ಎಂದು ನಕ್ಕು ಹೋದ. ಶಲವಡಿ ರಸ್ತೆಯಲ್ಲಿ ನಮ್ಮ ಓಣಿಯ ನೀಲವ್ವ ಹತ್ತಿ ಬಿಡಿಸಿಕೊಂಡು ಮನೆಗೆ ಬರುತ್ತಿದ್ದಳು. ಕತ್ತಲಾಗುವ ಹೊತ್ತು. ಮುಂದೇನೂ ಕಾಣದ ಗಾಡಿ ಅವಳನ್ನು ಅಷ್ಟು ದೂರ ಎಳೆದುಕೊಂಡು ಹೋಯಿತಂತೆ. ಸುದ್ದಿ ಕೇಳಿ ನೀವು ಗೋಡೆಗೆ ಹಣೆ ಚಚ್ಚಿಕೊಂಡಿರಿ. "ಮುಳ್ಳು ರಿಪೇರಿ ಮಾಡಿದಾಂವ ನಾನ ಅಲ್ಲನ?"

ಮರುದಿನ ಮುಂಜಾನೆ ಅವನು ಇಬ್ಬರು ಆಳುಗಳೊಂದಿಗೆ ಅದೇ ಗಾಡಿ ತಂದು ನಿಲ್ಲಿಸಿದ. ಒಂದು ಹೆಡ್‌ಲೈಟು ಒಡೆದಿತ್ತು. ಅದರ ಸುತ್ತಲಿನ ಲೋಹದ ಬಳೆಯಲ್ಲಿ ನೀಲವ್ವನ ಕೂದಲು ಸಿಕ್ಕಿಕೊಂಡಿತ್ತು. "ಪೊಲೀಸರು ಬರೂದ್ರಾಗ ಈ ಇನ್ನೊಂದು ಹತ್ತಬೇಕು. ಮೊದಲಿಂದಾನೂ ಹತ್ತತಿತ್ತು ಅಂತ ನೀ ಹೇಳಬೇಕು."

"ಹೆಣ್ಣಮಗಳು ಸತ್ತಾಳ್ರಿ. ನಾ ಹೇಳಂಗಿಲ್ಲ."

ಆಳುಗಳು ನಿಮ್ಮ ತೋಳು ಹಿಡಿದರು. ಅವನು ಇಂಜಿನ್ ತಿರುವುವ ಕಬ್ಬಿಣದ ಹ್ಯಾಂಡಲ್ ತೆಗೆದು ಮೊದಲು ನಿಮ್ಮ ಬೆರಳುಗಳ ಮೇಲೆ ಹೊಡೆದ. ಆಮೇಲೆ ಮೊಣಕಾಲು. ಆಮೇಲೆ ತಲೆ. ಎದುರಿನ ಅಂಗಡಿಗಳ ಬಾಗಿಲು ಒಂದೊಂದಾಗಿ ಮುಚ್ಚಿದವು. ನಾನು ಅವನ ಕೈ ಕಚ್ಚಿದೆ. ಒದ್ದು ಕೆಡವಿದ. ನನ್ನ ಸೆರಗಿನಿಂದ ನಿಮ್ಮ ತಲೆ ಒತ್ತಿ ಹಿಡಿದರೂ ರಕ್ತ ನಿಲ್ಲಲಿಲ್ಲ.

ಇನ್ನು ಮುಂದಿನದು ನಿಮಗೆ ಗೊತ್ತಿಲ್ಲ. ಅಷ್ಟರಲ್ಲಿ ನಿಮಗೆ ಎಚ್ಚರ ತಪ್ಪಿತ್ತು. "ನೀ ಜೋಡಸು" ಎಂದು ಅವನು ಹ್ಯಾಂಡಲನ್ನು ನಿಮ್ಮ ಕುತ್ತಿಗೆಯ ಮೇಲಿಟ್ಟು ನಿಂತ. ಜೋಡಿಸಿದೆ. ನೀವು ಎಳೆದಿಟ್ಟಿದ್ದ ವಾಯರುಗಳನ್ನು ಡ್ಯಾಶ್‌ಬೋರ್ಡಿನ ಹಿಂದೆ ಕೈ ಹಾಕಿ ನಾನೇ ಹೊಸೆದೆ. ಸುತ್ತೋಣವೆಂದರೆ ಟೇಪು ಸಿಗಲಿಲ್ಲ. ನಿಮ್ಮ ರಕ್ತದಿಂದ ಒದ್ದೆಯಾಗಿದ್ದ ಸೆರಗನ್ನೇ ಹರಿದು ಸುತ್ತಿದೆ. ಬೇಕೆಂದೇ ಹಾಗೆ ಮಾಡಿದೆನೇ? ಇವತ್ತಿಗೂ ಗೊತ್ತಿಲ್ಲ. ಲೈಟು ಹತ್ತಿತು. ಪೊಲೀಸರು ಬಂದು ನೋಡಿ ಬರೆದುಕೊಂಡರು. ಜಾಕ್ ಜಾರಿ ಗಾಡಿ ನಿಮ್ಮ ಮೇಲೆ ಬಿತ್ತು ಎಂದು ಅವನು ಹೇಳಿದ. ಹೌದೆಂದು ಗೋಣು ಹಾಕಿದವಳೂ ನಾನೇ. ಮೂರನೆಯ ದಿನ ಹುಬ್ಬಳ್ಳಿ ದವಾಖಾನೆಯಲ್ಲಿ ನೀವು... ಒಂದು ಮಾತನ್ನೂ ಆಡದೆ ಹೋದಿರಿ.

ನೀಲವ್ವನ ಕೇಸಿಗೆ ನವಲಗುಂದದ ಕೋರ್ಟಿಗೆ ನನ್ನನ್ನು ಕರೆದೊಯ್ದವರೂ ಸಾಹುಕಾರರ ಮನೆಯವರೇ, ಅವರ ಸಾಕ್ಷಿಯಾಗಿ. ಲೈಟು ಮೊದಲಿನಿಂದಲೂ ಉರಿಯುತ್ತಿತ್ತು ಎಂದು ಹೇಳಬೇಕಾಗಿತ್ತು. ಕಟಕಟೆ ಹತ್ತಿದಾಗ ನಿಮ್ಮ ಒಡೆದ ಬೆರಳುಗಳೇ ಕಣ್ಣ ಮುಂದೆ ಬಂದವು. "ಸುಳ್ಳರಿ ಸಾಹೇಬ್ರ, ಆ ಲೈಟ್ ಹತ್ತಿಸಿದಾಕಿ ನಾನ. ನೀಲವ್ವ ಸತ್ತ ಮ್ಯಾಲೆ. ಡ್ಯಾಶ್‌ಬೋರ್ಡ್ ಬಿಚ್ಚಿ ನೋಡ್ರಿ, ನನ್ನ ಗಂಡನ ರಕ್ತ ಐತಿ ಅದರಾಗ" ಎಂದೆ. ಅವನು ಎದ್ದು ನನ್ನ ಮೇಲೆ ಬಂದ. ಪೊಲೀಸರು ಅವುಚಿ ಹಿಡಿದರು. ಗಾಡಿ ಬಿಚ್ಚಿಸಿದರು. ಕಪ್ಪುಗಟ್ಟಿದ ಆ ಸೆರಗಿನ ಚೂರುಗಳು ಇದ್ದಲ್ಲೇ ಇದ್ದವು.

ಅದಾದ ವಾರಕ್ಕೆ ಅವನ ಮಂದಿ ನಮ್ಮ ಅಂಗಡಿಗೆ ಬೆಂಕಿ ಇಟ್ಟರು. ನಿಮ್ಮ ಸಾಮಾನುಗಳಲ್ಲಿ ಒಂದನ್ನೂ ಉಳಿಸಿಕೊಳ್ಳಲಾಗಲಿಲ್ಲ. ಉರಿಯುತ್ತಿದ್ದ ಬಾಗಿಲ ಮುಂದೆ ನಿಂತಾಗ ನನ್ನ ಮನಸ್ಸಿನಲ್ಲಿದ್ದದ್ದು ಒಂದೇ. ಆ ಹ್ಯಾಂಡಲ್ ನನ್ನ ಕೈಗೆ ಸಿಕ್ಕರೆ ಅವನ ತಲೆಯನ್ನೂ ಹಾಗೆಯೇ... ನನ್ನೊಳಗೆ ಇಂಥದ್ದೊಂದು ಇದೆ ಎಂದು ನಿಮಗೆ ಗೊತ್ತಿತ್ತೇ? ನನಗೆ ಗೊತ್ತಿರಲಿಲ್ಲ.

ಈಗ ನೀಲವ್ವನ ಗಂಡ ಬಂದು ಹೋದ. ಅವಳ ಕೇಸಿನಲ್ಲಿ ಸಾಹುಕಾರರ ಮಗನಿಗೆ ಶಿಕ್ಷೆಯಾಗಿದೆ, ಜೇಲಿನಲ್ಲಿದ್ದಾನೆ. ನಿಮ್ಮ ಸಾವನ್ನೂ ಖೂನಿ ಎಂದು ಬರೆದುಕೊಂಡಿದ್ದಾರೆ. ಸೋಮವಾರ ಧಾರವಾಡದಲ್ಲಿ ನನ್ನ ಸಾಕ್ಷಿ. "ಅಕ್ಕಾ, ಅಂಜಬ್ಯಾಡ, ನಾವೆಲ್ಲಾ ಬಾಜೂಕ ಇರ್ತೀವಿ" ಎಂದ ನೀಲವ್ವನ ಗಂಡ. ಜಾಕಿನ ಸುಳ್ಳಿಗೆ ಗೋಣು ಹಾಕಿದ್ದನ್ನೂ ಬಚ್ಚಿಡುವುದಿಲ್ಲ. ಮೊದಲ ಸಲ ಕಟಕಟೆಯಲ್ಲಿ ನೆಲ ನೋಡುತ್ತ ಹೇಳಿದ್ದೆ. ಈ ಸಲ ನಿಮ್ಮನ್ನು ಕೊಂದವನ ಮುಖ ನೋಡಿ ಹೇಳುತ್ತೇನೆ.

ನಿಮ್ಮ
ಗಂಗವ್ವ